ಬೆಣ್ಣೆ ರೊಟ್ಟಿಯ ಮಲತಾಯಿ

ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು. ಸಪ್ನಾ ತಾಟನ್ನು ಅತ್ತ ಸರಿಸಿ, ಮುಖ ಗಂಟು ಹಾಕಿಕೊಂಡು ಕುಳಿತಳು. ಪ್ರಮಿಳಾ ಈ ಎಂಟು ವರ್ಷದ ಹುಡುಗಿಗೆ ಮಲತಾಯಿಯಾಗಿ ಖಾನಾಪುರದಿಂದ ಮಹಾಂತೇಶ ನಗರದ ಮನೆಗೆ ಬಂದು ತಿಂಗಳಾಗಿತ್ತು. ಒಮ್ಮೆಯೂ ‘ಅವ್ವಾ’ ಎಂದು ಕರೆಸಿಕೊಂಡಿರಲಿಲ್ಲ.

“ಉಣ್ಣವಾ, ಬಂಗಾರಿ.”

“ನನಗ ಖಡಕ್ ರೊಟ್ಟಿ ಬೇಕ್ರಿ.”

ಆ ‘ರೀ’ ಪ್ರಮಿಳಾಗೆ ಚುಚ್ಚಿತು. ಹೆತ್ತವಳಿಗೆ ಯಾವ ಮಗು ‘ರೀ’ ಹಚ್ಚುತ್ತದೆ? ಬಂದ ಬೀಗರಿಗೆ ಹಚ್ಚುತ್ತದೆ, ಅಷ್ಟೇ.

ಖಡಕ್ ರೊಟ್ಟಿಗೇನೂ ಬರವಿರಲಿಲ್ಲ. ಅತ್ತೆ ಸಾವಂತ್ರವ್ವ ಒಣಗಿಸಿಟ್ಟ ರಾಶಿಯೇ ಬುಟ್ಟಿಯಲ್ಲಿತ್ತು. ಆದರೆ ಅನ್ನ ಉಂಡು ಬೆಳೆದ ಪ್ರಮಿಳಾಳ ಕಣ್ಣಿಗೆ ಅದು ಬಡವರ ಪಾಲಿನ ಒಣಕಲು. ಸಾಲದ್ದಕ್ಕೆ ಸಾವಂತ್ರವ್ವ ದಿನಾ ಸಂಜೆ ಮೊಮ್ಮಗಳಿಗೆ ಹೇಳುವ ಕತೆಗಳಲ್ಲಿ ಮಲತಾಯಿಗೆ ಅದೊಂದೇ ಉದ್ಯೋಗ: ತನ್ನ ಮಗಳಿಗೆ ಬೆಣ್ಣೆ ರೊಟ್ಟಿ, ಸವತಿಯ ಮಗಳಿಗೆ ಒಣ ರೊಟ್ಟಿ. ಮುದುಕಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಬಲ್ಲ ಕತೆಗಳೇ ಅಷ್ಟು. ಕೇಳುತ್ತ ಪಾತ್ರೆ ತಿಕ್ಕುವ ಪ್ರಮಿಳಾಗೆ ಮಾತ್ರ ಜೀವ ಹಿಡಿಯಷ್ಟಾಗುತ್ತಿತ್ತು.

“ಬ್ಯಾಡ ಬಾಳಾ. ಮಲತಾಯಿ ಒಣ ರೊಟ್ಟಿ ಹಾಕತಾಳ ಅಂತ ಮಂದಿ ಆಡಿಕೋತಾರ.”

“ಅಜ್ಜಿ ಕತ್ಯಾಗ ದಿನಾ ಹಾಕತಾಳಲ್ರಿ. ನೀವಷ್ಟ ಹಾಕೂದಿಲ್ಲ.”

“ಆ ಹುಡುಗಿ ಅದನ್ನ ನೋಡಿ ಅಳತಾಳಲ್ಲ?”

ಸಪ್ನಾ ಯೋಚಿಸಿದಳು. “ಜೋಡಿ ಶೇಂಗಾ ಚಟ್ನಿ ಕೊಟ್ಟಿರಂಗಿಲ್ರಿ, ಅದಕ್ಕ.”

ಪ್ರಮಿಳಾಗೆ ನಗು ತಡೆಯಲಾಗಲಿಲ್ಲ. ಆದದ್ದಾಗಲಿ ಎಂದು ಬುಟ್ಟಿ ಇಳಿಸಿದಳು. ರೊಟ್ಟಿಯ ಜೊತೆಗೆ ಚಟ್ನಿ, ಚಟ್ನಿಯ ಮೇಲೆ ಗಟ್ಟಿ ಮೊಸರು. ಸಪ್ನಾ ಕಟಂ ಕುಟುಂ ಎಂದು ಶುರುವಿಟ್ಟುಕೊಂಡಳು.

ಅಷ್ಟರಲ್ಲಿ ಬಾಜು ಮನೆಯ ಸಂಗವ್ವ ಬಾಗಿಲಲ್ಲಿ ನಿಂತಳು, ಖಾನಾಪುರದಿಂದ ಪ್ರಮಿಳಾಗೆ ಫೋನ್ ಬಂದಿದೆ ಎಂದು ಹೇಳಲು. ಓಣಿಗೆಲ್ಲ ಫೋನ್ ಇದ್ದದ್ದು ಅವಳ ಮನೆಯಲ್ಲೊಂದೇ. ಓಣಿಯ ಸುದ್ದಿ ಊರಿಗೆ ಮುಟ್ಟಿಸಲು ಅವಳಿಗೆ ಅದರ ಗರಜೂ ಇರಲಿಲ್ಲ. ಬಂದ ಕೆಲಸ ಮರೆತು ಹುಡುಗಿಯ ತಾಟು ನೋಡಿದಳು, ಆಮೇಲೆ ಪ್ರಮಿಳಾಳ ಮುಖ ನೋಡಿದಳು.

“ಯಾಕವಾ ಪ್ರಮಿಳಾ, ಕೂಸಿಗೆ ಒಣ ರೊಟ್ಟಿ ಹಾಕೀ?”

ಸಂಜೆಯೊಳಗೆ ಇಡೀ ಓಣಿಯ ಬಾಯಲ್ಲಿ ತಾನು ಎಂಥವಳಾಗುತ್ತೇನೆಂದು ಪ್ರಮಿಳಾಗೆ ಗೊತ್ತಿತ್ತು.

ಸಪ್ನಾ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿ, ಮೂತಿಯ ಮೊಸರು ಒರೆಸಿಕೊಂಡಳು.

“ಇವತ್ತ ಖರೇ ಖರೇ ಮಲತಾಯಿ ಆದಳ ನೋಡ್ರಿ,” ಎಂದಳು ಹೆಮ್ಮೆಯಿಂದ, “ನಮ್ಮವ್ವ.”