ಸ್ಪೀಕರ್‌ಗೆ ಓಗೊಟ್ಟ ಸಿಳ್ಳಾರ ಹಕ್ಕಿ

ಕೊಪ್ಪಳದ ಬಟ್ಟೆ ವ್ಯಾಪಾರಿ ಗವಿಸಿದ್ದಪ್ಪ, ಒಬ್ಬನೇ ಮಗ ತೀರಿಕೊಂಡ ಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದರು...

ಮನೆಯಲ್ಲಿ ಮಗನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಹೆಂಡತಿ ಶಂಕ್ರಮ್ಮ ಗಟ್ಟಿಗಿತ್ತಿ, ಮರೆತಿದ್ದಾಳೆ ಎಂದುಕೊಂಡಿದ್ದರು. ಗಂಡಸರ ಲೆಕ್ಕಾಚಾರವೇ ಹೀಗೆ ನೋಡಿ!

ಈ ಸಲ ಅವಳನ್ನೂ ಕರೆದುಕೊಂಡು ಕೊಡಗಿನ ಬೆಟ್ಟದ ಕಾಡಿಗೆ ಹೋದರು. ಬೇಕಾಗಿದ್ದದ್ದು ಸಿಳ್ಳಾರ ಹಕ್ಕಿಯ ಫೋಟೋ. ಕಪ್ಪು ಮೈ, ಹೆಗಲ ಮೇಲೆ ಹೊಳೆಯುವ ನೀಲಿ. ಹಾಡಿದರೆ ಥೇಟ್ ಹುಡುಗನೊಬ್ಬ ಸೀಟಿ ಹೊಡೆದಂತೆ...

ಹಕ್ಕಿ ಹೊರಗೆ ಬರಲೆಂದು, ಕೆಲವು ಫೋಟೋಗ್ರಾಫರ್‌ಗಳು ಮಾಡುವಂತೆ, ಅದೇ ಹಕ್ಕಿಯ ರೆಕಾರ್ಡ್ ಮಾಡಿದ ಹಾಡನ್ನು ಸ್ಪೀಕರ್‌ನಲ್ಲಿ ಹಾಕಿದರು.

ಝರಿಯ ಪಕ್ಕದ ಬಂಡೆಯಿಂದ ಹಕ್ಕಿ ಹಾರಿ ಬಂತು. ಕೊಕ್ಕಿನಲ್ಲಿ ಮರಿಗಳಿಗೆಂದು ತಂದ ಹುಳು.

ಹುಳು ಕೆಳಗೆ ಬಿತ್ತು. ಹಕ್ಕಿ ಸ್ಪೀಕರ್ ಸುತ್ತ ಹಾರಿತು, ಹಾಡಿತು, ಪೊದೆಯೊಳಗೆ ಇಣುಕಿತು. ಯಾರೂ ಇಲ್ಲ... ಮತ್ತೆ ಹಾಡಿತು. ಬಂಡೆಯ ಸಂದಿಯಲ್ಲಿ ಮರಿಗಳು ಬಾಯಿ ತೆರೆದು ಚೀರುತ್ತಿದ್ದವು.

"ಸಾಕ್ ಬಿಡ್ರಿ, ಅದರ ಮರಿ ಹಸದಾವು" ಎಂದಳು ಶಂಕ್ರಮ್ಮ.

"ತಡಿ ಮಾರಾಯ್ತಿ, ಬೆಳಕು ಛಲೋ ಐತಿ. ಇನ್ನೊಂದ್ ಫೋಟೋ!"

ಶಂಕ್ರಮ್ಮ ತಾನೇ ಎದ್ದು ಸ್ಪೀಕರ್ ಆಫ್ ಮಾಡಿದಳು.

"ಓಣ್ಯಾಗ ಯಾವನರ ಹುಡುಗ ಸೀಟಿ ಹೊಡದ್ರ, ನಮ್ಮ ಮಲ್ಲೇಶಿನ ಬಂದ ಅಂತ ಬಾಗಿಲಿಗೆ ಓಡ್ತೀನಿ... ಒಲಿ ಮ್ಯಾಲ ಹಾಲು ಉಕ್ಕಿ ಹೋಗ್ತೈತಿ. ಹೊರಗ ನೋಡಿದ್ರ ಯಾರೂ ಇರೂದಿಲ್ಲ. ಆ ಸಂಕಟ ನಿಮಗೇನ್ ಗೊತ್ತು?"

ಗವಿಸಿದ್ದಪ್ಪ ಕ್ಯಾಮೆರಾ ಕೆಳಗಿಟ್ಟರು. ಒಂದೇ ಸೂರಿನಡಿ ಇದ್ದೂ ಇದು ತನಗೆ ಗೊತ್ತಾಗಲಿಲ್ಲವಲ್ಲ...

ಹಕ್ಕಿ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಇನ್ನೊಂದು ಹುಳು ಹುಡುಕಿಕೊಂಡು ಮರಿಗಳ ಹತ್ತಿರ ಹೋಯಿತು.

ಜೀಪಿನಲ್ಲಿ ಕೂತ ಮೇಲೆ ಅವರು ಮೆಲ್ಲಗೆ ಕೇಳಿದರು. "ಮಲ್ಲೇಶಿಗೆ ಸೀಟಿ ಹೊಡಿಯೂದು ಯಾರ್ ಕಲಿಸಿದ್ರು?"

"ನಾನ ಕಲಿಸಿದ್ದು" ಎಂದಳು.

"ನೀನಾ?! ಎಲ್ಲಿ... ಹೊಡಿ ನೋಡೂಣು."

ಶಂಕ್ರಮ್ಮ ತುಟಿ ಕೂಡಿಸಿದಳು. ಬರೀ ಗಾಳಿ ಬಂತು. ನಗು ಬಂತು, ಅಳುವೂ ಬಂತು. ಗವಿಸಿದ್ದಪ್ಪ ಅವಳ ಹೆಗಲಿಗೆ ತಲೆಯಿಟ್ಟು, ಮಗ ಹೋದ ಮೇಲೆ ಮೊದಲ ಸಲ, ಬಾಯಿಬಿಟ್ಟು ಅತ್ತರು...

ಹೇಳಿಕೊಳ್ಳದ ದುಃಖ ಮರೆತುಹೋದ ದುಃಖವಲ್ಲ. ಯಾರಾದರೂ ಕೇಳಲಿ ಎಂದು ಅದು ಕಾಯುತ್ತಿರುತ್ತದೆ.

ನಿಮ್ಮ ಮನೆಯಲ್ಲಿ ಯಾರ ಹೆಸರು ಎತ್ತದೆ ಎಷ್ಟು ಕಾಲವಾಯಿತು?