ಸೊರಬಕ್ಕೆ ಹೋದ ಫೋನು

"ಸೊರಬದವರಿಗೆ ಫೋನ್ ಮಾಡ್ಸಿದ್ದು ನೀನೇ ಅಲ್ವಾ?"

ಶಿವಮೂರ್ತಪ್ಪನವರ ಕೂಗಿಗೆ ಪಕ್ಕದ ಮನೆಯವರು ಟಿವಿಯ ಸದ್ದು ಕಡಿಮೆ ಮಾಡಿದರು. ಶರಣ್ಯ ಗೋಡೆಗೆ ಅಂಟಿ ನಿಂತಿದ್ದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ. ಕುರ್ಚಿಯಲ್ಲಿ ಅಪ್ಪನ ಅಕ್ಕ ರಾಜೇಶ್ವರಮ್ಮ, ಶಿಕಾರಿಪುರದಿಂದ ಮೊದಲ ಬಸ್ಸಿಗೇ ಬಂದವರು, ಕೊಟ್ಟ ಟೀ ಮುಟ್ಟದೆ ಕುಳಿತಿದ್ದರು.

ಈ ಸಂಬಂಧ ತಂದವರು ಅವರೇ. ತಾಯಿಯಿಲ್ಲದ ತಮ್ಮನನ್ನು ಸಾಕಿದವರೂ ಅವರೇ. ಶಿರಾಳಕೊಪ್ಪದ ಬೀಜ ಗೊಬ್ಬರದ ಅಂಗಡಿಯಲ್ಲಿ ಕುಳಿತು ಎಂಥ ಗಿರಾಕಿಯನ್ನಾದರೂ ಒಪ್ಪಿಸುವ ಶಿವಮೂರ್ತಪ್ಪನವರು ಅಕ್ಕನ ಮುಂದೆ 'ಹ್ಞೂಂ' ಬಿಟ್ಟು ಬೇರೆ ಮಾತು ಕಲಿತಿರಲಿಲ್ಲ. ಸೊರಬದ ಮಹಾಂತೇಶನ ಜೊತೆ ಸೋಮವಾರ ನಿಶ್ಚಿತಾರ್ಥ ಎಂದಾಗಲೂ ಅವರು ಹ್ಞೂಂ ಎಂದಿದ್ದರು.

ಅದೇ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶರಣ್ಯ ಮೈಸೂರಿನಲ್ಲಿರಬೇಕಿತ್ತು. ಅವಳದು ಪತ್ರಿಕೋದ್ಯಮದ ಕೊನೆಯ ವರ್ಷ. ಸಾರ್ವಜನಿಕ ಸಂಪರ್ಕದ ಸಂಸ್ಥೆಯೊಂದು ಆರು ತಿಂಗಳ ತರಬೇತಿಗೆ ಇಡೀ ಕಾಲೇಜಿನಿಂದ ಅವಳೊಬ್ಬಳನ್ನು ಆರಿಸಿತ್ತು. ಹಾಜರಾಗದಿದ್ದರೆ ಜಾಗ ಬೇರೆಯವರಿಗೆ. ಅಪ್ಪನಿಗೆ ಹೇಳಿದ್ದಳು. ಅಪ್ಪ ಅಕ್ಕನಿಗೆ ಹೇಳಿರಲಿಲ್ಲ.

ಇಷ್ಟರಲ್ಲಿ ಗುರುವಾರ ಯಾರೋ ಗಂಡಸು ಹುಡುಗನ ಮನೆಗೆ ಫೋನ್ ಮಾಡಿದ್ದ. ಬಹಳ ಮರ್ಯಾದಸ್ಥ, ಮಾತಿಗೊಮ್ಮೆ ರೀ. ಹುಡುಗಿ ಎಂಟರ ಮೊದಲು ಏಳುವುದಿಲ್ಲ, ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ, ಹಿರಿಯರಿಗೂ ಎದುರು ಮಾತಾಡುತ್ತಾಳೆ, ಒಂದು ಮಾತನ್ನು ಹತ್ತು ಊರಿಗೆ ಮುಟ್ಟಿಸುವ ಓದು ಓದುತ್ತಿದ್ದಾಳೆ, ಮನೆಯ ವಿಷಯ ಮನೆಯೊಳಗೇ ಇರಲಿ ಅನ್ನುವವರು ಸ್ವಲ್ಪ ಯೋಚಿಸಿ ಎಂದು ಹೇಳಿ ಫೋನ್ ಇಟ್ಟಿದ್ದ. ಅವರು ಒಂದು ದಿನ ಯೋಚಿಸಿ, ಬೇಡ ಅಂದರು. ಆ ನಂಬರಿಗೆ ತಿರುಗಿ ಮಾಡಿದಾಗ ಎತ್ತಿದ್ದು ಶಿರಾಳಕೊಪ್ಪ ಬಸ್ ನಿಲ್ದಾಣದ ಟೀ ಅಂಗಡಿಯವನು. ಯಾರೋ ಕೇಳಿದರು, ಕೊಟ್ಟೆ ಎಂದುಬಿಟ್ಟ.

"ಕ್ಲಾಸಿನ ಹುಡುಗರ ಕೈಲಿ ಮಾಡ್ಸಿದಾಳೆ ಶಿವು," ಎಂದರು ರಾಜೇಶ್ವರಮ್ಮ. "ಇವ್ಳು ಓದ್ತಿರೋದೇ ಇದನ್ನ."

ಶರಣ್ಯಳಿಗೆ ಒಳಗೊಳಗೇ ಮೆಚ್ಚುಗೆಯಾಗಿತ್ತು. ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಕೇಳುವವರ ಹೆದರಿಕೆ ಎಲ್ಲಿದೆಯೋ ಅಲ್ಲಿಗೇ ಹೋಗಿ ಮುಟ್ಟಿದ ಮಾತು. ಲಾಭವಾದದ್ದು ತನಗೊಬ್ಬಳಿಗೇ ಎಂಬುದೂ ಅವಳಿಗೆ ಕಾಣುತ್ತಿತ್ತು. ಬಿಕ್ಕಟ್ಟು ಬಂದಾಗ ಹೇಗೆ ಮಾತಾಡಬೇಕು ಎಂಬ ಪಾಠದ ಟಿಪ್ಪಣಿಯನ್ನು ಬೆಳಿಗ್ಗೆಯೇ ಹುಡುಕಿದ್ದಳು. ಪುಸ್ತಕದಲ್ಲಿ ಆ ಹಾಳೆಯೇ ಇರಲಿಲ್ಲ. ಗೆಳತಿ ರಜನಿ ಹರಿದುಕೊಂಡಿರಬೇಕು ಎಂದುಕೊಂಡು ನೆನಪಿದ್ದಷ್ಟು ಪಾಠವನ್ನೇ ನಂಬಿ ಮಾತಾಡಿದಳು.

"ಅಪ್ಪ, ಮದ್ವೆ ನಂಗೆ ಬೇಡಾಗಿತ್ತು, ಅದು ನಿಜ. ಆದ್ರೆ ಫೋನ್ ನಾನು ಮಾಡ್ಸಿಲ್ಲ."

"ಗುರುವಾರ ಅವ್ಳು ಮನೆ ಬಿಟ್ಟು ಕದಲಿಲ್ಲ ಕಣ್ರೀ," ಎಂದರು ಅಮ್ಮ. "ನೀವು ಫೋನ್ ಇಲ್ಲೇ ಚಾರ್ಜಿಗೆ ಬಿಟ್ಟು ಹೋಗಿದ್ರಲ್ಲ, ಬಂದಿದ್ದನ್ನೆಲ್ಲ ಅವ್ಳೇ ಎತ್ತಿದ್ಳು."

"ನೀನು ಸುಮ್ನಿರು." ಶಿವಮೂರ್ತಪ್ಪನವರು ಮಗಳ ಕಡೆ ತಿರುಗಿದರು. "ಟೀ ಅಂಗಡಿ ಬೆಂಚಿನ ಮೇಲೆ ಮನೆ ಮರ್ಯಾದೆ ಹರಾಜಾಯ್ತಲ್ಲ, ಅಕ್ಕನ ಮಾತಿಗೆ ಬೆಲೆ ಏನುಳೀತು?"

ಶರಣ್ಯಳ ಕಣ್ಣು ತುಂಬಿತು. ಹುಟ್ಟಿದಾಗಿನಿಂದ ಒಮ್ಮೆಯೂ ಗದರದ ಅಪ್ಪ ತನ್ನನ್ನು ನಂಬುತ್ತಿಲ್ಲವಲ್ಲ.

ಶಿವಮೂರ್ತಪ್ಪನವರು ಮೇಜಿನತ್ತ ಕೈ ಚಾಚಿದರು. ಗಾಜಿನ ಲೋಟವನ್ನು ಬಿಟ್ಟು, ಖಾಲಿಯಾಗಿದ್ದ ಸ್ಟೀಲ್ ಲೋಟ ಎತ್ತಿ ನೆಲಕ್ಕೆ ಬಡಿದರು. ಅದು ಉರುಳುತ್ತ ಅಮ್ಮನ ಕಾಲಿನ ತನಕ ಹೋಯಿತು.

"ಇನ್ನು ಹೊಸ್ತಿಲು ದಾಟೋದು ಬೇಡ. ದಿನಾ ನನ್ನ ಕಣ್ಮುಂದೇ ಇರ್ಲಿ, ದಿನಾ ಹಿಂಗೇ ಕೇಳ್ತೀನಿ." ಅವರ ಕೈ ಎದೆಯ ಮೇಲೆ ಹೋಯಿತು.

ರಾಜೇಶ್ವರಮ್ಮ ಕುರ್ಚಿ ಬಿಟ್ಟು ಎದ್ದರು. "ಶಿವು, ಬಿ.ಪಿ. ಏರ್ತದೆ. ಕೂತ್ಕ."

"ಇವ್ಳ ಮುಖ ನೋಡಿದ್ರೆ ಎದೆ ಹೊಡ್ಕಂತದೆ ಅಕ್ಕ."

"ಮತ್ಯಾಕೆ ಎದುರಿಗೆ ಇಟ್ಕಂತೀಯ? ಎಲ್ಲಿಗಾದ್ರೂ ಕಳ್ಸು."

"ಎಲ್ಲಿಗೆ ಅಂತ ಕಳ್ಸಲಿ? ಅದೇನೋ ಮೈಸೂರಲ್ಲಿ ಆರು ತಿಂಗಳ ಟ್ರೈನಿಂಗ್ ಅಂತಿದಾಳೆ, ನಾಡಿದ್ದೇ ಶುರುವಂತೆ. ಅಷ್ಟು ದೂರ ಹೆಂಗೆ..."

"ದೂರ ಇದ್ರೇ ಒಳ್ಳೇದು. ನಾಳೆ ಬೆಳಿಗ್ಗೆ ಬಸ್ ಹತ್ತಿಸು."

"ಆಗಲ್ಲ ಅಕ್ಕ."

"ನಾನು ಹೇಳ್ತಿದೀನಿ."

ಶಿವಮೂರ್ತಪ್ಪನವರು ತಲೆ ಬಗ್ಗಿಸಿದರು. ಕೊನೆಗೆ, "ಹ್ಞೂಂ," ಎಂದರು.

ರಾಜೇಶ್ವರಮ್ಮ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದರು.

ಮರುದಿನ ಬಸ್ ನಿಲ್ದಾಣಕ್ಕೆ ಅಪ್ಪ ಬರಲಿಲ್ಲ. ಕಟ್ಟಿಟ್ಟ ಚೀಲವನ್ನು ಬೆಳಗಾಗುವ ಮೊದಲೇ ಬಾಗಿಲ ಹತ್ತಿರ ತಂದಿಟ್ಟು ಅಂಗಡಿಗೆ ಹೊರಟುಬಿಟ್ಟಿದ್ದರು. ರೊಟ್ಟಿ ಬುತ್ತಿ ಹಿಡಿದು ಬಂದಿದ್ದ ಅಮ್ಮನ ಕಿವಿಯಲ್ಲಿ ಶರಣ್ಯ ಕೇಳಿದಳು. "ಫೋನ್ ಮಾಡ್ಸಿದ್ದು ನೀನೇ ಅಲ್ವಾ?"

"ನಾನಾ?" ಅಮ್ಮ ಅತ್ತಿತ್ತ ನೋಡಿದರು. "ನೀನೇ ಇರ್ಬೇಕು ಅಂದ್ಕಂಡು ನಿನ್ನೆಯಿಂದ ಖುಷಿಯಾಗಿದ್ನಲ್ಲೇ."

ಬಸ್ಸು ಶಿಕಾರಿಪುರ ದಾಟಿದ ಮೇಲೆ ಶರಣ್ಯ ನೀರಿನ ಬಾಟಲಿಗೆಂದು ಚೀಲದ ಪಕ್ಕದ ಜಿಪ್ ಎಳೆದಳು. ಬಾಟಲಿಯ ಜೊತೆ ನಾಲ್ಕು ಮಡಿಕೆಯ ಒಂದು ಹಾಳೆ ಬಂತು. ತನ್ನದೇ ಅಕ್ಷರ, ತನ್ನದೇ ಟಿಪ್ಪಣಿ. ಒಂದು: ಬೇರೆಯವರಿಗಿಂತ ಮೊದಲು ಮಾತಾಡಬೇಕು. ಎರಡು: ಸುಳ್ಳು ಹೇಳಬಾರದು. ಮೂರು: ಒಬ್ಬರೇ ಮಾತಾಡಬೇಕು, ಉಳಿದವರಿಗೆ ಏನೂ ಗೊತ್ತಿರಬಾರದು. ಮೂರಕ್ಕೂ ಕೆಂಪು ಶಾಯಿಯಲ್ಲಿ ಸರಿ ಗುರುತು ಬಿದ್ದಿತ್ತು. ಅದರ ಕೆಳಗೆ, ಬೀಜದ ಚೀಲಗಳ ಮೇಲೆ ಹೆಸರು ಬರೆದು ರೂಢಿಯಾದ ದುಂಡನೆಯ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು.

"ನಾಲ್ಕು: ಅಕ್ಕ ಎದುರಿಗಿರುವಾಗಲೇ ಮಗಳ ಮೇಲೆ ಕೂಗಾಡಬೇಕು, ಕಳಿಸು ಅನ್ನುವ ಮಾತು ಅಕ್ಕನ ಬಾಯಿಂದಲೇ ಬರಬೇಕು."