ಬಿಡಿ ಅವರನ್ನ

ದ್ವೀಪದ ಕಡಲಂಚಿನ ಹಾದಿಯಲ್ಲಿ ಗಂಡ ಹೆಂಡತಿ ಇಬ್ಬರು ಸೈಕಲ್ ತುಳಿಯುತ್ತ ಹೊರಟಿದ್ದರು. ಫೆಲಿಕ್ಸ್ ದಾರಿಯಲ್ಲಿ ಅವರಿಗೆ ಜೊತೆಯಾಗಿದ್ದ. ಮೊದಲ ದಿನ ಅವರ ಟೆಂಟಿನೊಳಗಿಂದ ಏಟಿನ ಸದ್ದು ಬಂದಾಗ ಅವನು ಕೇಳಿಸದವನಂತಿದ್ದ. ಎರಡನೇ ದಿನ ಆಕೆಯ ತುಟಿ ಒಡೆದಿತ್ತು. "ಸೈಕಲಿಂದ ಬಿದ್ದೆ" ಎಂದಳು.

ಮೂರನೇ ದಿನ ಉರಿಬಿಸಿಲಲ್ಲಿ, ಅನ್ನ ಸೀದುಹೋಯಿತೆಂದು ಗಂಡ ಬಿಸಿ ಪಾತ್ರೆಯನ್ನೇ ಅವಳ ಕೆನ್ನೆಗೆ ಬೀಸಿದ. ಫೆಲಿಕ್ಸ್ ಇನ್ನು ತಡೆಯಲಾರದೆ ಅವನ ಮೇಲೆ ಹಾರಿಬಿದ್ದ. ಮರಳಿಗೆ ಕೆಡವಿ, ಎದೆಯ ಮೇಲೆ ಕುಳಿತು, ಮೂಗಿನಿಂದ ರಕ್ತ ಚಿಮ್ಮುವವರೆಗೂ ಗುದ್ದಿದ.

"ಅಯ್ಯೋ, ಬಿಡಿ ಅವರನ್ನ!" ಹೆಂಡತಿ ಓಡಿಬಂದು ಫೆಲಿಕ್ಸನ ತೋಳು ಜಗ್ಗಿದಳು.

"ಒಂದಿನ ನಿಮ್ಮನ್ನು ಕೊಲ್ತಾನೆ ಅಕ್ಕ ಇವ!"

"ಅವರು ನನ್ನ ಗಂಡ. ಹೊಡೀಲಿಕ್ಕೆ ನೀವ್ಯಾರು? ಏಳಿ ಮೇಲೆ!"

ಕೆಳಗಿದ್ದವನು ರಕ್ತ ಉಗುಳಿ ನಕ್ಕ. "ಕೇಳಿತಲ್ಲ? ಏಳು."

ಫೆಲಿಕ್ಸನ ಮುಖ ಅವಮಾನದಿಂದ ಉರಿಯಿತು. ಕೈ ಸಡಿಲಿಸಿ ಎದ್ದುನಿಂತ.

ಆಕೆ ಟೆಂಟಿನ ಗೂಟ ಬಡಿಯುವ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಇನ್ನೂ ಸ್ವಲ್ಪ ಆಚೆ ನಿಲ್ಲಿ ಅಣ್ಣ, ನಿಮಗೆ ತಾಗೀತು" ಎಂದಳು.